ದೂರಿನ ಪತ್ರಕ್ಕೆ ಯಾವ ಇಂಗ್ಲಿಷ್ ಪದ? ನನ್ನ ಅನುಭವ

ಕನ್ನಡದಲ್ಲಿ ಬರೆದ ದೂರುಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಬಡ್ತಿ ಸಿಗದವರು, ಕೆಲಸ ಕಳೆದುಕೊಂಡವರು ಬರುತ್ತಾರೆ. ‘ಅನ್ಯಾಯ ಆಗಿದೆ, ಹೊಟ್ಟೆ ಉರಿಯುತ್ತಿದೆ’ ಅನ್ನುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಪದಗಳು ಬೇಕಾದಷ್ಟಿವೆ. ಯಾವುದನ್ನು ಹಾಕಬೇಕು ಅನ್ನುವುದೇ ತಲೆನೋವು.

ನಾನು ಮೊದಲು ನೋಡುವುದು, ಈ ಪದ ಯಾರ ಬಗ್ಗೆ ಹೇಳುತ್ತಿದೆ ಅಂತ. ‘ಅನ್‌ಫೇರ್’ ಅಂದರೆ ಎದುರಿನವರು ಮಾಡಿದ ಕೆಲಸದ ಬಗ್ಗೆ. ‘ರಿಝೆಂಟ್‌ಮೆಂಟ್’ ಅಂದರೆ ನಮ್ಮೊಳಗೆ ಕುದಿಯುತ್ತಿರುವುದರ ಬಗ್ಗೆ. ‘ಈ ತೀರ್ಮಾನವನ್ನು ನಾನು ರಿಝೆಂಟ್ ಮಾಡುತ್ತೇನೆ’ ಎಂದು ಬರೆದರೆ ಓದುವವರು ತೀರ್ಮಾನವನ್ನು ಬಿಟ್ಟು ಬರೆದವರ ಮನಸ್ಸನ್ನು ಕೆದಕಲು ಶುರು ಮಾಡುತ್ತಾರೆ. ಹಾಗಾಗಿ ದೂರಿನಲ್ಲಿ ಆ ಪದವನ್ನು ನಾನು ಹೆಚ್ಚುಕಡಿಮೆ ಬಳಸುವುದೇ ಇಲ್ಲ.

ಆಪ್ತರಿಗೆ ಬರೆಯುವಾಗ ಬಳಸಬಹುದು. ಆಗ ಇದಾದ ಮೇಲೆ ‘ಟು’ ಬರುವುದಿಲ್ಲ ಅನ್ನುವುದು ನೆನಪಿರಲಿ. ‘ಐ ರಿಝೆಂಟ್ ಬೀಯಿಂಗ್ ಬ್ಲೇಮ್ಡ್’ ಅನ್ನಬೇಕು. ಉಚ್ಚಾರದಲ್ಲೂ ಎಚ್ಚರ ಬೇಕು, ‘ರೀಸೆಂಟ್’ ಅಂದರೆ ‘ಇತ್ತೀಚಿನ’ ಅಂತಾಗಿಬಿಡುತ್ತದೆ. ಒಂದು ತಮಾಷೆ ಅಂದರೆ, 17ನೇ ಶತಮಾನದಲ್ಲಿ ಯಾರಾದರೂ ಉಪಕಾರ ಮಾಡಿದರೂ ಅದನ್ನು ‘ರಿಝೆಂಟ್’ ಮಾಡಬಹುದಿತ್ತು. ಫ್ರೆಂಚ್ ಮೂಲದಲ್ಲಿ ಅದಕ್ಕೆ ಗಾಢವಾಗಿ ಅನಿಸುವುದು ಅಂತಷ್ಟೇ ಅರ್ಥ. ಒಳ್ಳೆಯ ಅರ್ಥ ಉದುರಿಹೋಗಿ ಕಹಿ ಮಾತ್ರ ಉಳಿದಿದೆ.

‘ಗ್ರಜ್’ ಹಳೆಯದನ್ನು ಮರೆಯದೆ ಇಟ್ಟುಕೊಂಡ ಹಗೆ. ಇದನ್ನು ‘ಹೋಲ್ಡ್’ ಮಾಡುತ್ತಾರೆ, ‘ಬೇರ್’ ಮಾಡುತ್ತಾರೆ, ‘ನರ್ಸ್’ ಕೂಡ ಮಾಡುತ್ತಾರೆ. ಹಗೆಗೆ ಹಾಲೆರೆದು ಸಾಕಿದ ಹಾಗೆ! ದೂರಿನಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಇದರ ತಂಗಿ ‘ಬಿಗ್ರಜ್’ ನನಗೆ ತುಂಬಾ ಇಷ್ಟ. ಕರುಬುವುದು ಅಂತೀವಲ್ಲ, ಅದೇ. ಇದರ ನಿಜವಾದ ಉಪಯೋಗ ‘ಇಲ್ಲ’ ಅನ್ನುವಾಗ. ‘ಐ ಡೋಂಟ್ ಬಿಗ್ರಜ್ ಹರ್ ದ ಪ್ರಮೋಷನ್’ ಎಂದು ಶುರು ಮಾಡಿ, ಆಯ್ಕೆ ಮಾಡಿದ ರೀತಿ ಮಾತ್ರ ಅನ್‌ಫೇರ್ ಅಂತ ಮುಂದುವರಿಸುತ್ತೇನೆ. ‘ಇವರಿಗೆ ಹೊಟ್ಟೆಕಿಚ್ಚು’ ಅನ್ನಲು ಯಾರಿಗೂ ದಾರಿಯೇ ಇರುವುದಿಲ್ಲ.

‘ಡಿಸ್‌ಗ್ರಂಟಲ್ಡ್’ ಅನ್ನುವುದನ್ನು ಕೆಲವರು ತಮ್ಮ ಬಗ್ಗೆಯೇ ಬರೆದುಕೊಂಡು ಬರುತ್ತಾರೆ. ನಾನು ತೆಗೆದುಬಿಡುತ್ತೇನೆ. ಅದು ಸಂಸ್ಥೆಯವರು ದೂರುದಾರರನ್ನು ತಳ್ಳಿಹಾಕಲು ಬಳಸುವ ಪದ. ‘ಯಾರೋ ಅತೃಪ್ತ ನೌಕರ, ಸುಮ್ನೆ ಗೊಣಗ್ತಾನೆ’ ಅನ್ನುವ ದನಿ ಅದರಲ್ಲಿದೆ. ಅದನ್ನು ನಾವೇ ಯಾಕೆ ಕೈಯಾರೆ ಕೊಡಬೇಕು, ಅಲ್ವಾ? ‘ಅಗ್ರೀವ್ಡ್’, ಅಂದರೆ ಅನ್ಯಾಯಕ್ಕೆ ಒಳಗಾದವರು, ಸರಿಹೋಗುತ್ತದೆ, ಅದು ಕಾನೂನಿನ ಭಾಷೆಯಲ್ಲೂ ಮರ್ಯಾದೆಯ ಪದ. ‘ಗ್ರೀವನ್ಸ್’, ಅಂದರೆ ಅಹವಾಲು, ಕೂಡ ಹಾಗೇ. ಮುನಿಸು ಅನ್ನುವ ಅರ್ಥದ ‘ಅಂಬ್ರೇಜ್’ ಕಾದಂಬರಿಗೆ ಇರಲಿ.

ಅನ್ಯಾಯದ ಪದಗಳಲ್ಲೂ ತೂಕ ನೋಡಬೇಕು. ‘ಅನ್‌ಜಸ್ಟ್’ ದೊಡ್ಡ ಪದ, ಕಾನೂನು, ಶಿಕ್ಷೆ, ಯುದ್ಧಗಳಿಗೆ ಒಪ್ಪುತ್ತದೆ. ರಜೆ ಸಿಗದಿದ್ದಕ್ಕೆ ಹಾಕಿದರೆ ನಗುತ್ತಾರೆ. ಕೆಲಸದಿಂದ ತೆಗೆದ ವಿಷಯ ಬಂದರೆ ಇನ್ನೂ ಎಚ್ಚರ ಬೇಕು. ಬ್ರಿಟನ್ನಿನ ಕಾನೂನಿನಲ್ಲಿ ‘ರಾಂಗ್‌ಫುಲ್ ಡಿಸ್‌ಮಿಸಲ್’ ಅಂದರೆ ಒಪ್ಪಂದ ಮುರಿದು ತೆಗೆದಿದ್ದು, ಉದಾಹರಣೆಗೆ ನೋಟಿಸ್ ಕೊಡದೆ. ‘ಅನ್‌ಫೇರ್ ಡಿಸ್‌ಮಿಸಲ್’ ಬೇರೆಯೇ, ಅದು 1971ರ ಕಾಯ್ದೆಯಿಂದ ಬಂದ ಹಕ್ಕು. ತೆಗೆಯಲು ಸರಿಯಾದ ಕಾರಣ ಇತ್ತಾ, ನಡೆದುಕೊಂಡ ರೀತಿ ಸರಿಯಿತ್ತಾ ಎಂದು ಅಲ್ಲಿ ನೋಡುತ್ತಾರೆ. ಅಲ್ಲಿಗೆ ಹೋಗುವ ಪತ್ರದಲ್ಲಿ ಒಂದರ ಬದಲು ಇನ್ನೊಂದು ಬರೆಯುವ ಹಾಗಿಲ್ಲ.

ಇನ್ನು ಪಕ್ಷಪಾತ. ‘ಹೀ ಈಸ್ ಬಯಾಸ್’ ಅಂತ ಬರೆದು ತರುವವರೇ ಜಾಸ್ತಿ. ಅದು ‘ಬಯಸ್ಡ್’ ಆಗಬೇಕು. ಅದನ್ನು ತಿದ್ದುವ ಮೊದಲು ನಾನು ಕೇಳುವುದು, ನಿಮಗೆ ಸಿಗದ್ದು ಯಾರಿಗೆ ಸಿಕ್ಕಿತು, ಯಾವತ್ತು ಅಂತ. ಇವರಿಗೆ ಸಿಗದ್ದು, ಅವರಿಗೆ ಸಿಕ್ಕಿದ್ದು ಎರಡನ್ನೂ ಅಕ್ಕಪಕ್ಕ ಬರೆದ ಮೇಲೆ ಪಕ್ಷಪಾತ ತಾನಾಗಿ ಕಾಣುತ್ತದೆ, ಎಷ್ಟೋ ಸಲ ಆ ಪದವನ್ನೇ ಹೊಡೆದುಹಾಕುತ್ತೇನೆ.