ಒರೆಸಿದ್ದು ಸಾಕು, ಕನ್ನಡಕ ತೊಳೆಯಿರಿ

ಕಾರ್ತಿಕ ಕಳೆದರೆ ನಮ್ಮ ದಾವಣಗೆರೆಯಲ್ಲೂ ಬೆಳಗಿನ ಜಾವ ಒಳ್ಳೆ ಚಳಿ. ನನ್ನ ಮೊಮ್ಮಗ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿ, ಮೂಗಿನ ತನಕ ಮಫ್ಲರ್ ಸುತ್ತಿಕೊಂಡು ಸೀದಾ ಅಡುಗೆಮನೆಗೆ ಬರುತ್ತಾನೆ. ಒಲೆ ಮೇಲೆ ಸಾರು ಕುದಿಯುತ್ತಿರುತ್ತದೆ. ಕನ್ನಡಕದ ಎರಡೂ ಗಾಜು ಬೆಳ್ಳಗೆ! ಆಗ ಬೆವರು ಹಿಡಿದ ಟೀ ಶರ್ಟಿನ ಅಂಚು ಎತ್ತಿ ಗಸಗಸ ಉಜ್ಜುತ್ತಾನೆ. ಹಾಕಿಕೊಂಡ ಕೂಡಲೇ ಮತ್ತೆ ಹಬೆ. ಮತ್ತೆ ಉಜ್ಜುವುದು. ಸೊಸೆಯದೂ ಅದೇ ಕಥೆ, ಬಟ್ಟೆ ಮಾತ್ರ ದುಪಟ್ಟಾ. ನೋಡಿ ನೋಡಿ ನನಗೆ ತಲೆ ಕೆಟ್ಟಿದೆ.

ತಣ್ಣೀರು ತುಂಬಿದ ಚೊಂಬು ಮೈಯೆಲ್ಲ ಬೆವರುತ್ತದಲ್ವಾ, ಇದೂ ಅಷ್ಟೇ. ಚಳಿಗೆ ತಣ್ಣಗಾದ ಗಾಜಿಗೆ ಬೆಚ್ಚನೆ ಹಸಿ ಗಾಳಿ ತಾಗಿದರೆ ಸಣ್ಣ ಸಣ್ಣ ಹನಿ ಕೂರುತ್ತವೆ. ಒರೆಸಿದರೆ ಹನಿ ಹೋಗುತ್ತದೆ, ಹನಿ ಕಟ್ಟಿಸುವ ಜಿಡ್ಡು ಹೋಗುವುದಿಲ್ಲ. ಗಾಜಿನ ಮೇಲೆ ಸೋಪಿನ ತೆಳು ಪೊರೆ ಇದ್ದರೆ ನೀರು ಹನಿ ಕಟ್ಟದೆ ಹರಡಿಕೊಳ್ಳುತ್ತದೆ, ಮಬ್ಬು ಕಾಣುವುದಿಲ್ಲ.

ಇದನ್ನು ನಾನು ಕಲಿತದ್ದು ನಮ್ಮನೆಯವರಿಂದ. ಆಗ ಊರಿನಲ್ಲಿ ಹತ್ತಿ ಮಿಲ್ಲುಗಳ ಸೈರನ್ ಕೇಳಿಸುತ್ತಿತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ನಾನು ಹೇಳುತ್ತಿರುವುದು ಅದಕ್ಕೂ ಎಷ್ಟೋ ವರ್ಷ ಹಿಂದಿನ ಮಾತು, ಎಲ್ಲದಕ್ಕೂ ಚಿತ್ರದುರ್ಗಕ್ಕೆ ಓಡಬೇಕಿತ್ತು. ಅವರು ಬೆಳಗಿನ ಪಾಳಿಗೆ ಹೊರಡುವ ಮುಂಚೆ ಸ್ನಾನದ ಸೋಪಿನ ಒಣ ಚೂರನ್ನು ಕನ್ನಡಕಕ್ಕೆ ತಿಕ್ಕಿ, ಪಂಚೆಯಲ್ಲಿ ಹೊಳೆಯುವ ಹಾಗೆ ಉಜ್ಜುತ್ತಿದ್ದರು. ಅದು ದಪ್ಪ ಗಾಜು, ತಡೆಯುತ್ತಿತ್ತು. ಈಗಿನದು ಪ್ಲಾಸ್ಟಿಕ್, ಮೇಲೆ ಕೋಟಿಂಗ್ ಬೇರೆ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಬಂದ ನನ್ನ ಮೊದಲ ಪ್ಲಾಸ್ಟಿಕ್ ಕನ್ನಡಕವನ್ನು ಹಲ್ಲುಪುಡಿ ಹಾಕಿ ಉಜ್ಜಿ, ಎರಡೇ ವಾರದಲ್ಲಿ ಗೀರು ಗೀರು ಮಾಡಿಕೊಂಡೆ. ಪೇಸ್ಟೂ ಬೇಡ, ವಿನೆಗರೂ ಬೇಡ.

ಈಗ ನಾನು ಮಾಡುವುದು ಹೀಗೆ. ಮೊದಲು ಕೈ ತೊಳೆಯಿರಿ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲೇ ಕನ್ನಡಕ ಮುಟ್ಟುತ್ತೀರಲ್ಲ, ಅರ್ಧ ಜಿಡ್ಡು ಅಲ್ಲಿಂದಲೇ ಬರುವುದು. ನಲ್ಲಿ ಸಣ್ಣಗೆ ಬಿಟ್ಟು ಗಾಜಿನ ಮೇಲಿನ ಧೂಳು ಹೋಗಲು ಬಿಡಿ. ಧೂಳಿದ್ದಾಗ ಬೆರಳು ಆಡಿಸಿದರೆ ಗೀರು ಬಿತ್ತು ಅಂತಲೇ ಲೆಕ್ಕ. ನೀರು ತಣ್ಣಗಿರಲಿ, ಬಿಸಿನೀರಿಗೆ ಕೋಟಿಂಗ್ ಕೆಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸಾಸಿವೆ ಕಾಳಿನಷ್ಟು ಸಾಕು, ಸುಮ್ನೆ ಪಿಚಕ್ ಅಂತ ಒತ್ತಬೇಡಿ. (ಅದನ್ನು ದೋಸೆ ಹಂಚಿಗೆ ಮಾತ್ರ ಮುಟ್ಟಿಸಬೇಡಿ. ಅರ್ಧ ಈರುಳ್ಳಿಗೆ ಎಣ್ಣೆ ಹಚ್ಚಿ ಉಜ್ಜಿದರೆ ಮುಗಿಯಿತು. ಹಂಚು ಫಳಫಳ ತೊಳೆದಿಟ್ಟು, ಆಮೇಲೆ ದೋಸೆ ಏಳಲ್ಲ ಅಂತ ಅಳುವುದು ಯಾಕೆ?) ಹೆಬ್ಬೆರಳು ತೋರುಬೆರಳಿನ ನಡುವೆ ಗಾಜು ಹಿಡಿದು, ಉಗುರು ತಾಗದಂತೆ ಎರಡೂ ಕಡೆ ಮೆಲ್ಲಗೆ ಸವರಿ. ಮೂಗಿನ ಮೇಲೆ ಕೂರುವ ಆ ಎರಡು ಸಣ್ಣ ಗುಂಡಿಗಳ ಸಂದಿಯಲ್ಲಿ ಹಸಿರು ಮಣ್ಣಿನ ಹಾಗೆ ಕೊಳೆ ಕೂತಿರುತ್ತದೆ, ಅದನ್ನೂ ಬಿಡಬೇಡಿ.

ಆಮೇಲೆ ನಲ್ಲಿ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆಯಬೇಡಿ, ಸೋಪಿನ ಪೊರೆಯೇ ಹೋಗಿಬಿಡುತ್ತದೆ, ಎಲ್ಲರೂ ಕೆಡಿಸುವುದು ಇಲ್ಲೇ. ಒಂದು ಲೋಟ ಕುಡಿಯುವ ನೀರಿನಲ್ಲಿ ಒಂದೇ ಸಲ ಅದ್ದಿ ತೆಗೆಯಿರಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಎರಡು ಸಲ ಕೊಡವಿ, ಹಳೇ ಪಂಚೆ ತುಂಡಿನ ಮೇಲೆ ತಲೆಕೆಳಗಾಗಿ ಇಡಿ. ಹೊಸ ಬಟ್ಟೆ ಬೇಡ, ಬಟ್ಟೆ ಮೆತ್ತಗಾಗಲು ಹಾಕುವ ಘಮಘಮ ಲಿಕ್ವಿಡ್‌ನಲ್ಲಿ ಅದ್ದಿದ್ದಂತೂ ಬೇಡವೇ ಬೇಡ, ಅದೂ ಜಿಡ್ಡೇ. ಅರ್ಧ ಆರಿದ ಮೇಲೆ ಅದೇ ಪಂಚೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಬಾಯಿ ಹತ್ತಿರ ಹಿಡಿದು ಹಾ ಅನ್ನಿ. ಮಬ್ಬು ನಿಲ್ಲದಿದ್ದರೆ ಸರಿಯಾಗಿದೆ. ಒಂದು ದಿನಕ್ಕಿಂತ ಜಾಸ್ತಿ ನಂಬಬೇಡಿ, ಮಾರನೇ ದಿನ ಮತ್ತೆ ಮಾಡಿ.

ಮಫ್ಲರ್ ಮೂಗಿನ ಕೆಳಗೇ ಇರಲಿ. ಮೇಲಕ್ಕೆ ಎಳೆಯಲೇಬೇಕಾದರೆ ಅದರ ಅಂಚಿನ ಮೇಲೆ ಕನ್ನಡಕ ಕೂರಿಸಿ, ಆಗ ಉಸಿರು ಕೆಳಗೆ ಹೋಗುತ್ತದೆ. ಕೋಟಿಂಗ್‌ನಲ್ಲೇ ಹಬೆ ತಡೆಯುವ ಗುಣ ಇರುವ ಕನ್ನಡಕವಾದರೆ ನನ್ನ ಮಾತು ಕೇಳಬೇಡಿ, ಅಂಗಡಿಯವರು ಹೇಳಿದಂತೆ ಮಾಡಿ.

ಮೊಮ್ಮಗ ನಂಬಲಿಲ್ಲ. ಮೊನ್ನೆ ಅವನ ಕನ್ನಡಕದ ಬಲಗಡೆ ಮಾತ್ರ ತೊಳೆದು ಕೊಟ್ಟು, ಸಾರಿನ ಪಾತ್ರೆ ಮೇಲೆ ಬಗ್ಗು ಅಂದೆ. ಎಡಗಡೆ ಸುಣ್ಣ ಬಳಿದ ಹಾಗೆ, ಬಲಗಡೆ ಒಳಗೆ ಅವನ ಕಣ್ಣು ಪಿಳಿಪಿಳಿ. "ಅಜ್ಜಿ, ಇನ್ನೊಂದೂ ಮಾಡಿಕೊಡು" ಅಂದ. ನಲ್ಲಿ ಅಲ್ಲೇ ಇದೆ, ನೀನೇ ಮಾಡ್ಕೋ ಅಂದೆ.