ಹಳೇ ಎಂಜಿಬಿ ಮಿಸ್ಸಿಂಗ್ ಹೊಡೀತಿದ್ಯಾ? ಕಾರ್ಬೊರೇಟರ್‌ಗೆ ಆಮೇಲೆ ಕೈ ಹಾಕಿ

ಎಂಜಿಬಿ ಅಂದ್ರೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಅದರ 1798 ಸಿಸಿ ಇಂಜಿನ್ ನಮ್ಮ ಹಳೇ ಅಂಬಾಸಡರ್ ಮೆಕ್ಯಾನಿಕ್‌ಗಳಿಗೆ ಏನೂ ಹೊಸದಲ್ಲ, ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ವಂಶದ್ದೇ.

ಮಿಸ್ಸಿಂಗ್ ಅಂದ್ರೆ ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸೋದು. ಗಾಡಿ ಜರ್ಕ್ ಹೊಡೆದ ತಕ್ಷಣ ಎಲ್ರೂ ಸ್ಕ್ರೂಡ್ರೈವರ್ ಹಿಡ್ಕೊಂಡು ಪೆಟ್ರೋಲ್ ಜೊತೆ ಗಾಳಿ ಬೆರೆಸೋ ಕಾರ್ಬೊರೇಟರ್ ತಿರುಗಿಸೋಕೆ ಶುರು ಮಾಡ್ತಾರೆ, ಅದೇ ತಪ್ಪು. ಸುಮಾರು ಸಲ ತೊಂದ್ರೆ ಇರೋದು ಕರೆಂಟಿನ ಕಡೆ, ಅಂದ್ರೆ ಕಿಡಿ ಕೊಡೋ ಇಗ್ನಿಷನ್ ಕಡೆ. ಹಾಗಾಗಿ ಮೊದಲು ಯಾವಾಗ ಮಿಸ್ ಆಗುತ್ತೆ ಅಂತ ಗಮನಿಸಿ: ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ, ಏರಿನಲ್ಲಿ ಎಳೆಯುವಾಗಲಾ, ಮಳೇಲಾ?

ಆಮೇಲೆ ಯಾವ ಸಿಲಿಂಡರ್ ಅಂತ ಹುಡುಕಿ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ಐಡ್ಲಿಂಗ್‌ನಲ್ಲಿ ಬಿಟ್ಟು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಪ್ಲಗ್ ವೈರ್‌ಗಳನ್ನ ಒಂದೊಂದಾಗಿ ಕಿತ್ತು ನೋಡಿ, ತೋಳು ಮಾತ್ರ ಫ್ಯಾನ್‌ನಿಂದ ದೂರ ಇರ್ಲಿ. ವೈರ್ ಕಿತ್ತಾಗ ಇಂಜಿನ್ ಇನ್ನೂ ಜಾಸ್ತಿ ಕುಂಟಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ, ಏನೂ ಬದಲಾಗದಿದ್ರೆ ಅದೇ ಕಳ್ಳ. ಅದರ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಸ್ಕತ್ ಬಣ್ಣ ಇದ್ರೆ ಸರಿ, ಒಣ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ, ಪೆಟ್ರೋಲ್‌ನಿಂದ ಒದ್ದೆ ಇದ್ರೆ ಕಿಡಿ ಬಂದಿಲ್ಲ. ಪಕ್ಕದ ಪ್ಲಗ್ ಜೊತೆ ಅದಲುಬದಲು ಮಾಡಿ, ಮಿಸ್ಸಿಂಗೂ ಅದರ ಜೊತೆ ಹೋದ್ರೆ ಕೆಲಸ ಮುಗೀತು, ಪ್ಲಗ್ ಬದಲಾಯಿಸಿ, ಗ್ಯಾಪ್ 0.64 ಮಿಮೀ ಇಡಿ.

ಒಂದೇ ಸಿಲಿಂಡರ್ ಅಲ್ಲ, ಎಲ್ಲಾ ಒಟ್ಟಿಗೆ ಕೆಮ್ಮುತ್ತಿವೆ ಅನ್ನೋದಾದ್ರೆ? ಇಲ್ಲೊಂದು ಮಜಾ ಉಪಾಯ ಇದೆ. 1964ರ ಕೊನೆಯಿಂದ ಬಂದ ಎಂಜಿಬಿಗಳ ಆರ್‌ಪಿಎಂ ಮೀಟರ್ ಇಗ್ನಿಷನ್ ಸರ್ಕ್ಯೂಟಿನಿಂದಲೇ ಓಡುತ್ತೆ, ಹಾಗಾಗಿ ಮಿಸ್ ಆಗೋ ಹೊತ್ತಿಗೆ ಮುಳ್ಳು ಪಟಪಟ ಬಿದ್ದು ಎದ್ರೆ ಪಾಯಿಂಟು (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸೋ ಸ್ವಿಚ್ಚು), ಕಂಡೆನ್ಸರು (ಪಾಯಿಂಟ್ ಸುಡದಂತೆ ಕಾಯೋ ಪುಟ್ಟ ಭಾಗ), ಕೀ ಸ್ವಿಚ್ಚು ಇಷ್ಟರಲ್ಲೇ ಏನೋ ಕಡಿತಿದೆ. ಮುಳ್ಳು ಅಲ್ಲಾಡದೆ ನಿಂತಿದ್ರೆ ಡಿಸ್ಟ್ರಿಬ್ಯೂಟರ್ (ಸರದಿ ಪ್ರಕಾರ ಪ್ಲಗ್ಗುಗಳಿಗೆ ಕಿಡಿ ಹಂಚೋ ಭಾಗ) ಕ್ಯಾಪ್, ಅದರೊಳಗೆ ತಿರುಗೋ ರೋಟರ್, ಪ್ಲಗ್ ವೈರ್, ಇಲ್ಲಾ ಪೆಟ್ರೋಲ್ ಕಡೆ ಹೋಗಿ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ನೋಡಿ, ಒಳಗೆ ಪೆನ್ಸಿಲ್ ಗೀರಿನ ಥರ ಕಪ್ಪು ಗೆರೆ ಇದ್ರೆ ಕಿಡಿ ಆ ದಾರೀಲಿ ಸೋರ್ತಿದೆ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ. ಬೇಸ್‌ಪ್ಲೇಟಿನ ಪುಟಾಣಿ ಅರ್ಥ್ ವೈರನ್ನ ಮರೀಬೇಡಿ, ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಟೈಮಿಂಗ್ ಮುಂದೆ ತರೋ ಭಾಗ) ಪ್ಲೇಟನ್ನ ಎಳೆದಾಗೆಲ್ಲ ಅದು ಬಾಗುತ್ತೆ, ಮೇಲಿನ ಬಟ್ಟೆ ಚೆನ್ನಾಗೇ ಕಂಡ್ರೂ ಒಳಗೆ ಎಳೆಗಳು ಕಡಿದಿರಬಹುದು, ಮೆಲ್ಲಗೆ ಎಳೆದ್ರೆ ರಬ್ಬರ್ ಥರ ಹಿಗ್ಗಿಬಿಡುತ್ತೆ. ಇನ್ನೊಂದು, "ಹೊಸ ಪಾರ್ಟ್ ಹಾಕಿದೀನಿ ಸಾರ್" ಅನ್ನೋ ಮಾತು ನಂಬ್ಬೇಡಿ. ಈಗ ಸಿಗೋ ಅಗ್ಗದ ರೋಟರ್‌ಗಳಲ್ಲಿ ರಿವೆಟ್ ಮೂಲಕ ಕಿಡಿ ಶಾಫ್ಟ್‌ಗೆ ಇಳಿದುಹೋಗೋದುಂಟು, ಕಂಡೆನ್ಸರ್ ಬಿಸಿಯಾದ ಮೇಲೆ ಕೈಕೊಡೋದೂ ಉಂಟು. ವೈರ್ ಕಿತ್ತು ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯೋ ಸರದಿ) 1-3-4-2, ರೋಟರ್ ತಿರುಗೋದು ಗಡಿಯಾರದ ಉಲ್ಟಾ ದಿಕ್ಕಿಗೆ.

ಇಷ್ಟೂ ಸರಿ ಇದ್ರೆ ಈಗ ಕಾರ್ಬೊರೇಟರ್. ಎರಡು ಎಸ್‌ಯು ಇರೋ ಮಾಡೆಲ್‌ನಲ್ಲಿ 1 ಮತ್ತು 2ನೇ ಸಿಲಿಂಡರ್‌ಗೆ ಒಂದೇ ಇನ್ಲೆಟ್ ಪೋರ್ಟ್, 3 ಮತ್ತು 4ಕ್ಕೆ ಇನ್ನೊಂದು. ಮುಂದಿನ ಜೋಡಿ ಸೊರಗಿದ್ರೆ ಮುಂದಿನ ಕಾರ್ಬೊರೇಟರ್, ಹಿಂದಿನ ಜೋಡಿ ಆದ್ರೆ ಹಿಂದಿನದು. ಕಾರ್ಬೊರೇಟರ್ ಒಳಗಿನ ಪಿಸ್ಟನ್ನನ್ನ ಅದರ ಪಿನ್‌ನಿಂದ ಚೂರೇ ಚೂರು ಎತ್ತಿ, ಆರ್‌ಪಿಎಂ ಏರಿ ಹಾಗೇ ನಿಂತ್ರೆ ಪೆಟ್ರೋಲ್ ಜಾಸ್ತಿ, ಬಿದ್ರೆ ಕಮ್ಮಿ. ಮೇಲಿನ ಡ್ಯಾಂಪರ್‌ನಲ್ಲಿ ಎಣ್ಣೆ ಇದೆಯಾ ಅಂತಾನೂ ನೋಡಿ, ಅದು ಒಣಗಿದ್ರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಮುಗ್ಗರಿಸುತ್ತೆ.

ಅಕ್ಕಪಕ್ಕದ 2 ಮತ್ತು 3 ಎರಡೂ ಸತ್ತಿದ್ರೆ ಮಾತ್ರ ಟ್ಯೂನಿಂಗ್ ಆಸೆ ಬಿಟ್ಟು ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಮೀಟರ್) ಹಾಕಿ. ಎರಡರಲ್ಲೂ ರೀಡಿಂಗ್ ಒಟ್ಟಿಗೆ ಕೆಳಗೆ ಬಂದ್ರೆ ಬಹುತೇಕ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಆ ಎರಡರ ಮಧ್ಯೆ ಸುಟ್ಟಿರುತ್ತೆ, ಹೆಡ್ ಇಳಿಸಲೇಬೇಕು.