ಕಸ, ನೀರು, ಚರಂಡಿ, ಬೀದಿ ದೀಪ: ಪಂಚಾಯತು ಕೆಲಸವನ್ನು ವಾರ್ಡ್ ಮೆಂಬರ್ ಪರಿಶೀಲಿಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ 2025ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು ಮೊದಲ ಸಲ ಪಂಚಾಯತು ಮೆಂಬರ್ ಆದವರಿಗೆ ಇದನ್ನು ಬರೆಯುತ್ತಿದ್ದೇನೆ. ಎಣ್ಮಕಜೆಯಿರಲಿ, ಪೈವಳಿಕೆ, ಮೀಂಜ, ವರ್ಕಾಡಿ, ಬದಿಯಡ್ಕ ಇರಲಿ, ವಿಷಯ ಒಂದೇ. ರಸ್ತೆ, ಮನೆ, ಪೆನ್ಶನ್ ಮರೆಯಲು ಜನ ಬಿಡುವುದಿಲ್ಲ, ಮನೆ ಬಾಗಿಲಿಗೇ ಬಂದು ಕೇಳುತ್ತಾರೆ. ಕಸ ಒಯ್ಯುವುದು, ಕುಡಿಯುವ ನೀರು, ಚರಂಡಿ, ಬೀದಿ ದೀಪ ಹಾಗಲ್ಲ. ಅವು ತಿಂಗಳು ತಿಂಗಳು ನಡೆಯುತ್ತಾ ಇರುತ್ತವೆ, ಅಥವಾ ನಡೆಯುತ್ತಿವೆ ಅಂತ ಕಾಗದದಲ್ಲಿ ಇರುತ್ತದೆ. ಕಾಗದಕ್ಕೂ ಜಾಗಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡುವುದು ನಿಮ್ಮ ಕೆಲಸ.

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುವುದು 20 ವರ್ಷಕ್ಕೂ ಜಾಸ್ತಿ ನಡೆದು, ಊರವರು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆಯೇ ನಿಂತದ್ದು. ಅದರ ಪರಿಣಾಮ ಅನುಭವಿಸುವ ಮನೆಗಳು ಇವತ್ತಿಗೂ ನಮ್ಮ ವಾರ್ಡುಗಳಲ್ಲಿವೆ. ನೀರು, ಮಣ್ಣು, ಗಾಳಿಯ ಬಗ್ಗೆ ಪ್ರಶ್ನೆ ಕೇಳುವವರು ಪಂಚಾಯತಿನ ಒಳಗೇ ಇರಬೇಕು.

ಮೊದಲು ಯಾವುದು ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ. ಕೇರಳದ ಗ್ರಾಮ ಪಂಚಾಯತಿನಲ್ಲಿ ನಾಲ್ಕು ಸ್ಥಾಯೀ ಸಮಿತಿ ಇವೆ: ಹಣಕಾಸು, ಅಭಿವೃದ್ಧಿ, ಕ್ಷೇಮಕಾರ್ಯ, ಆರೋಗ್ಯ ಮತ್ತು ಶಿಕ್ಷಣ. ಕುಡಿಯುವ ನೀರು, ನೈರ್ಮಲ್ಯ, ಪರಿಸರ ಬರುವುದು ಆರೋಗ್ಯ ಮತ್ತು ಶಿಕ್ಷಣ ಸಮಿತಿಗೆ. ಹಣಕಾಸು ಸಮಿತಿಗೆ ಉಪಾಧ್ಯಕ್ಷರೇ ಅಧ್ಯಕ್ಷರು. ನೀವು ಆರೋಗ್ಯ ಮತ್ತು ಶಿಕ್ಷಣ ಸಮಿತಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಬಾಯಿ ಮುಚ್ಚಿ ಕೂರಬೇಕಾಗಿಲ್ಲ. ಕೇರಳ ಪಂಚಾಯತ್ ರಾಜ್ ಕಾಯ್ದೆ, 1994ರ ಪ್ರಕಾರ ಆಡಳಿತದ ಬಗ್ಗೆ ಅಧ್ಯಕ್ಷರನ್ನು ಪ್ರಶ್ನಿಸುವ, ನಿರ್ಣಯ ಮಂಡಿಸುವ, ಕೆಲಸದಲ್ಲಿ ಆದ ಅಸಡ್ಡೆಯನ್ನು ಎತ್ತಿ ತೋರಿಸುವ ಹಕ್ಕು ಪ್ರತಿ ಮೆಂಬರಿಗೂ ಇದೆ. ಅಧ್ಯಕ್ಷರಿಗೆ ಮೊದಲೇ ತಿಳಿಸಿ ಆಫೀಸಿನ ಸಮಯದಲ್ಲಿ ದಾಖಲೆ ನೋಡುವ ಹಕ್ಕೂ ಇದೆ. ಗಡಿಯಾಚೆ ವಿಟ್ಲ, ಪುತ್ತೂರಿನ ನೆಂಟರು ಪಿಡಿಒ (ಪಂಚಾಯತು ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ ಅಂತಾರೆ. ನಮ್ಮಲ್ಲಿ ಆ ಹುದ್ದೆ ಇಲ್ಲ, ದಾಖಲೆ ಇರುವುದು ಸೆಕ್ರೆಟರಿ ಹತ್ತಿರ.

ಇನ್ನು ಕೇಳುವ ರೀತಿ. "ನನ್ನ ವಾರ್ಡಿನಲ್ಲಿ ಕಸ ಸರಿಯಾಗಿ ಒಯ್ಯುತ್ತಾರಾ?" ಅಂತ ಕೇಳಿದರೆ "ಹೌದು" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಆಗಿದೆಯಾ ಅಂತ ಕೇಳುವುದು ಬಿಟ್ಟು ಎಲ್ಲಿ ಆಗಿಲ್ಲ ಅಂತ ಕೇಳಿ. "ಕಳೆದ ತಿಂಗಳು ನನ್ನ ವಾರ್ಡಿನಲ್ಲಿ ಹಸಿರು ಕ್ರಿಯಾಸೇನೆ ಹೋಗದ ಮನೆ ಎಷ್ಟು, ಯಾವುವು, ಯಾಕೆ ಹೋಗಲಿಲ್ಲ?" ಇಷ್ಟೇ. ಇದಕ್ಕೆ ಹೌದು ಅಲ್ಲ ಅಂತ ಉತ್ತರ ಕೊಡಲು ಆಗುವುದಿಲ್ಲ, ಪಟ್ಟಿ ತೆಗೆಯಲೇಬೇಕು. ಬರೆದು ಕೊಡಿ, ತಾರೀಕು ಹಾಕಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.

ಕಸದ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇಲ್ಲಿ ಲೆಕ್ಕ ಹಿಡಿಯುವುದು ಸುಲಭ, ಒಮ್ಮೆ ಕಲಿತರೆ ಬೇರೆ ಎಲ್ಲದಕ್ಕೂ ಅದೇ ದಾರಿ. ಹಸಿರು ಕ್ರಿಯಾಸೇನೆಯ ಹೆಂಗಸರು ಮನೆ ಮನೆಯಿಂದ ಪ್ಲಾಸ್ಟಿಕ್ ಮತ್ತು ಕೊಳೆಯದ ಕಸ ಒಯ್ಯುತ್ತಾರೆ. ಪಂಚಾಯತುಗಳಲ್ಲಿ ಸಾಮಾನ್ಯವಾಗಿ ಮನೆಗೆ ತಿಂಗಳಿಗೆ 50 ರೂಪಾಯಿ ಯೂಸರ್ ಫೀ. ನಿಮ್ಮ ವಾರ್ಡಿನಲ್ಲಿ 400 ಮನೆ ಇದೆ ಅಂತ ಇಟ್ಟುಕೊಳ್ಳಿ. 20,000 ರೂಪಾಯಿ ಬರಬೇಕು. ಬಂದದ್ದು 13,000 ಆದರೆ 140 ಮನೆಯದ್ದು ಬಾಕಿ. ಆ 140ರಲ್ಲಿ ಬೀಗ ಹಾಕಿದ ಮನೆ ಎಷ್ಟು, ಕೊಡುವುದಿಲ್ಲ ಅಂತ ಹಟ ಹಿಡಿದವು ಎಷ್ಟು, ಕ್ರಿಯಾಸೇನೆಯವರೇ ಹೋಗದ ಮನೆ ಎಷ್ಟು ಅಂತ ಬೇರೆ ಬೇರೆ ಮಾಡಿಸಿ. ಮೂರಕ್ಕೂ ಮದ್ದು ಬೇರೆ. ಗುಡ್ಡೆಯ ತುದಿಯ ಮನೆಗಳಿಗೆ ವಾಹನ ಹೋಗುವುದಿಲ್ಲ, ಆ ಹೆಂಗಸರು ಗೋಣಿ ಹೊತ್ತು ಇಳಿಯಬೇಕು. ಅಂಥ ಕಡೆ ತಪ್ಪು ಅವರದ್ದಲ್ಲ, ವಾಹನದ ವ್ಯವಸ್ಥೆ ಮಾಡದ ಪಂಚಾಯತಿನದ್ದು.

ಇಡೀ ಪಂಚಾಯತಿನ ಶೇಕಡಾ ಲೆಕ್ಕ ಕೊಟ್ಟರೆ ಅದಕ್ಕೆ ಒಪ್ಪಬೇಡಿ. ಪೇಟೆಯ ವಾರ್ಡುಗಳಲ್ಲಿ ಚೆನ್ನಾಗಿ ಆದರೆ ಒಳಗಿನ ಕಾಲನಿಯ ಶೂನ್ಯ ಅದರಲ್ಲಿ ಮುಚ್ಚಿ ಹೋಗುತ್ತದೆ. ಹರಿತಮಿತ್ರಂ ಆ್ಯಪ್ ಬಳಸುವಲ್ಲಿ ಮನೆಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ, ಆದ್ದರಿಂದ ವಾರ್ಡ್‌ವಾರು ಲೆಕ್ಕ ತೆಗೆಯುವುದು ಕಷ್ಟವಲ್ಲ. ಪಟ್ಟಿ ಸಿಕ್ಕಿದ ಮೇಲೆ ಹತ್ತು ಮನೆ ಆರಿಸಿ ನೀವೇ ಹೋಗಿ ಕೇಳಿ. ಪಟ್ಟಿಯಲ್ಲಿ ಒಯ್ದಿದ್ದಾರೆ ಅಂತ ಇದ್ದು ಹಿತ್ತಿಲಲ್ಲಿ ಗೋಣಿ ಹಾಗೆಯೇ ಇದ್ದರೆ ಫೋಟೋ ತೆಗೆಯಿರಿ.

ಆಮೇಲೆ ಎಂಸಿಎಫ್‌ಗೆ ಹೋಗಿ, ಅಂದರೆ ಸಂಗ್ರಹಿಸಿದ ಕಸ ತಂದು ಬೇರ್ಪಡಿಸುವ ಶೆಡ್ಡಿಗೆ. ಹೇಳಿ ಹೋದರೂ ಸರಿ, ಹೇಳದೆ ಹೋದರೂ ಸರಿ. ಬಾಗಿಲಲ್ಲಿ ನಿಂತು ಮೊದಲು ಗೋಣಿಗಳನ್ನು ನೋಡಿ. ಗೋಡೆಯ ಬದಿಯವು ಧೂಳು ಹಿಡಿದು, ಹೊಲಿಗೆ ಬಿಟ್ಟು, ಅಡಿಯಲ್ಲಿ ಒದ್ದೆಯಾಗಿದ್ದರೆ ಲಾರಿ ಬಂದು ತಿಂಗಳುಗಳಾಗಿವೆ ಅಂತ ಲೆಕ್ಕ. ಕೊನೆಯ ಲೋಡ್ ಹೋದ ತಾರೀಕು, ತೂಕದ ಚೀಟಿ, ಒಯ್ದ ಕಂಪೆನಿಯ ರಶೀದಿ ಕೇಳಿ. ಬೆಂಕಿ ನಂದಿಸುವ ಸಿಲಿಂಡರ್ ಇದೆಯಾ, ಅದರ ಅವಧಿ ಮುಗಿದಿದೆಯಾ ನೋಡಿ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡೆಗೆ ಬೆಂಕಿ ಬಿದ್ದು ದಿನಗಟ್ಟಲೆ ಊರೆಲ್ಲ ಹೊಗೆ ತುಂಬಿದ್ದು ಎಲ್ಲರಿಗೂ ನೆನಪಿದೆ. ಕೆಲಸ ಮಾಡುವವರಿಗೆ ಗ್ಲೌಸ್, ಬೂಟು, ಮಳೆಗಾಲಕ್ಕೆ ರೈನ್‌ಕೋಟ್, ಶೌಚಾಲಯ, ಕುಡಿಯುವ ನೀರು ಇದೆಯಾ? ಕಳೆದ ತಿಂಗಳ ಹಣ ಕೈಗೆ ಬಂದಿದೆಯಾ? ಇದನ್ನು ಅವರನ್ನೇ ಕೇಳಿ, ಬೇರೆಯವರು ಪಕ್ಕದಲ್ಲಿ ಇಲ್ಲದಾಗ. ದಯವಿಟ್ಟು ಅವರ ಮೇಲೆ ರೇಗಬೇಡಿ. ನೀವು ಪರಿಶೀಲಿಸುತ್ತಿರುವುದು ಪಂಚಾಯತನ್ನು.

ನೀರಿಗೆ ಬರೋಣ. ಪೈಪಿನ ನೀರಿನ ಪರೀಕ್ಷೆಯ ವರದಿ ತೋರಿಸಿದರೆ ಸ್ಯಾಂಪಲ್ ಎಲ್ಲಿಂದ ತೆಗೆದದ್ದು ಅಂತ ಮೊದಲು ಕೇಳಿ. ಟ್ಯಾಂಕಿಯಿಂದ ತೆಗೆದ ನೀರು ಚೆನ್ನಾಗಿದ್ದರೂ ಲೈನಿನ ಕೊನೆಯ ಮನೆಗೆ ಮುಟ್ಟುವಾಗ ಹಾಗೆ ಇರಬೇಕಾಗಿಲ್ಲ, ಪೈಪು ಎಲ್ಲೋ ಒಡೆದು ಚರಂಡಿಯ ನೀರು ಸೇರಿರಬಹುದು. ಕೊನೆಯ ಮನೆಯ ನಲ್ಲಿಯಿಂದ ಸ್ಯಾಂಪಲ್ ತೆಗೆಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ 100 ಮಿಲಿ ಲೀಟರಿನಲ್ಲಿ ಇ-ಕೋಲಿ ಒಂದೂ ಇರಬಾರದು, ಕ್ಲೋರಿನ್ ಹಾಕಿದ ನೀರಾದರೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಗುಡ್ಡೆಗೆ ಕೊರೆದ ಸುರಂಗದ ನೀರು, ಬಾವಿ ನೀರು ಕುಡಿಯುವ ಮನೆಗಳನ್ನು ಬಿಡಬೇಡಿ. ಅವು ಯಾವ ಸ್ಕೀಮಿನ ಲೆಕ್ಕದಲ್ಲೂ ಇರುವುದಿಲ್ಲ, ಆದರೆ ಕಾಮಾಲೆ ಬಂದರೆ ಅಲ್ಲಿಗೂ ಬರುತ್ತದೆ. ಮಳೆ ಹಿಡಿದ ಮೇಲೆ ಅಲ್ಲಿ ಕ್ಲೋರಿನೇಷನ್ ಆಗಿದೆಯಾ ಅಂತ ಜೂನಿಯರ್ ಹೆಲ್ತ್ ಇನ್ಸ್‌ಪೆಕ್ಟರ್ ಮತ್ತು ಆಶಾ ಕಾರ್ಯಕರ್ತೆಯನ್ನು ಕೇಳಿ. ಬೇಸಿಗೆಯಲ್ಲಿ ಟ್ಯಾಂಕರ್ ಓಡಿಸಿದರೆ ಲಾಗ್ ಪುಸ್ತಕ ನೋಡಲೇಬೇಕು: ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್, ನೀರು ಪಡೆದವರ ಸಹಿ. ಬಿಲ್ ಪಾಸಾಗುವ ಮೊದಲು ನೋಡಿ, ನಂತರ ನೋಡಿ ಜಾಸ್ತಿ ಪ್ರಯೋಜನ ಇಲ್ಲ.

ಚರಂಡಿ, ತೋಡಿನ ವಿಷಯದಲ್ಲಿ ಸಮಯವೇ ಮುಖ್ಯ. ಮಳೆಗಾಲದ ಮೊದಲಿನ ಶುಚೀಕರಣದ ಪ್ರಶ್ನೆಯನ್ನು ಏಪ್ರಿಲ್ ಸಭೆಯಲ್ಲೇ ಎತ್ತಿ. ಜೂನಿನಲ್ಲಿ ಕೇಳಿದರೆ ಮಳೆಯೇ ಉತ್ತರ ಕೊಟ್ಟಿರುತ್ತದೆ. ಮೋರಿಗಳ ಬಾಯಿಯ ಫೋಟೋ ಒಂದೇ ಜಾಗದಲ್ಲಿ ನಿಂತು ಕೆಲಸದ ಮೊದಲು ಒಮ್ಮೆ, ನಂತರ ಒಮ್ಮೆ ತೆಗೆಯಿರಿ. ಎತ್ತಿದ ಹೂಳನ್ನು ಬದಿಯಲ್ಲೇ ರಾಶಿ ಹಾಕಿದ್ದರೆ ಮೊದಲ ಮಳೆಗೆ ಅದು ಮತ್ತೆ ಒಳಗೆ ಇಳಿಯುತ್ತದೆ, ಅದನ್ನು ಕೆಲಸ ಆಯಿತು ಅಂತ ಒಪ್ಪಬೇಡಿ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಆರು ಪಥದ ಹೆದ್ದಾರಿ ಬಂದ ಮೇಲೆ ನೀರು ಹರಿಯುವ ದಾರಿಯೇ ಬದಲಾದ ಜಾಗಗಳಿವೆ. ಹೆದ್ದಾರಿಯ ಚರಂಡಿ ಪಂಚಾಯತಿನದ್ದಲ್ಲ, ಆದ್ದರಿಂದ ನಿರ್ಣಯ ಪಾಸು ಮಾಡಿ ಹೆದ್ದಾರಿ ಪ್ರಾಧಿಕಾರಕ್ಕೆ ಕಳಿಸಬೇಕು, ಕಳಿಸಿದ್ದಾರಾ ಅಂತ ಮುಂದಿನ ತಿಂಗಳು ಕೇಳಬೇಕು. ತೋಡುಗಳಿಗೆ ನೀರು ತಡೆಯುವ ಕಟ್ಟ ಹಾಕುವುದಿದ್ದರೆ ಮಳೆ ನಿಂತ ಕೂಡಲೇ, ತೋಡಿನಲ್ಲಿ ನೀರು ಇರುವಾಗಲೇ ವಿಷಯ ಎತ್ತಿ.

ಬೀದಿ ದೀಪಕ್ಕೆ ಉದ್ದ ಪ್ರಶ್ನೆ ಬೇಡ. ಕಂಬದ ನಂಬರ್, ದೂರು ಕೊಟ್ಟ ದಿನ, ದೀಪ ಉರಿದ ದಿನ. ಮೂರು ಕಾಲಮಿನ ಪಟ್ಟಿ ಸಾಕು.

ಭಾಷೆಯ ತೊಂದರೆ ನಮ್ಮಲ್ಲಿ ದೊಡ್ಡದು. ಅಜೆಂಡಾ, ಮಿನಿಟ್ಸ್, ಆಡಿಟ್ ವರದಿ ಮಲಯಾಳದಲ್ಲಿ ಬರುತ್ತದೆ, ಓದಲು ಬಾರದವರು ಸುಮ್ನೆ ಸಹಿ ಹಾಕುತ್ತಾರೆ. ಹಾಗೆ ಮಾಡಬೇಡಿ. ಕನ್ನಡದವರು ಸರಕಾರಿ ಕಚೇರಿಗಳ ಜತೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಪ್ರಶ್ನೆ ಕನ್ನಡದಲ್ಲಿ ಬರೆಯಿರಿ, ಉತ್ತರ ಕನ್ನಡದಲ್ಲಿ ಬೇಕು ಅಂತ ಅದರಲ್ಲೇ ಸೇರಿಸಿ. ಅರ್ಥ ಆಗುವ ತನಕ ಸಹಿ ಬೇಡ.

ಅಧ್ಯಕ್ಷರು ನಿಮ್ಮದೇ ಪಕ್ಷದವರಾದರೆ ಕೇಳಲು ಸಂಕೋಚ ಆಗಬಹುದು. ಆದರೂ ಕೇಳಿ. ನೀವು ಬಿಟ್ಟ ಪ್ರಶ್ನೆಯನ್ನು ನಾಳೆ ಆಡಿಟಿನವರು ಕೇಳುತ್ತಾರೆ, ಆಗ ಉತ್ತರ ಕೊಡುವುದು ಇನ್ನೂ ಕಷ್ಟ.

"ಮುಂದಿನ ಸಭೆಯಲ್ಲಿ ಹೇಳುತ್ತೇವೆ" ಅಂದರೆ ಆ ಮಾತನ್ನೇ ಮಿನಿಟ್ಸಿನಲ್ಲಿ ಬರೆಸಿ, ಯಾರು, ಯಾವ ತಾರೀಕಿನ ಒಳಗೆ ಅಂತ ಸಹಿತ. ಬಾಯಿಮಾತಿನ ಭರವಸೆ ಚಹಾ ಮುಗಿಯುವಾಗಲೇ ಮರೆತುಹೋಗುತ್ತದೆ. ಮೂರು ತಿಂಗಳಿಗೊಮ್ಮೆ ವಾರ್ಡಿನ ಗ್ರಾಮಸಭೆ ಸೇರಬೇಕು, ಅದರ ಸಂಚಾಲಕರು ನೀವೇ. ಕೇಳಿದ ಪ್ರಶ್ನೆ, ಸಿಕ್ಕಿದ ಉತ್ತರ, ಸಿಗದ ಉತ್ತರ ಎಲ್ಲವನ್ನೂ ಅಲ್ಲಿ ಓದಿ ಹೇಳಿ. ಕಸ ಹೋಗದ ಮನೆಯವರು, ದೀಪ ಉರಿಯದ ದಾರಿಯವರು ಅಲ್ಲೇ ಕೂತಿರುತ್ತಾರೆ, ಉತ್ತರ ಸರಿಯೋ ತಪ್ಪೋ ಅಂತ ಆಗಲೇ ಗೊತ್ತಾಗುತ್ತದೆ. ಅವರು ಹೇಳಿದ್ದನ್ನು ಗ್ರಾಮಸಭೆಯ ನಿರ್ಣಯವಾಗಿ ಬರೆಸಿ ಪಂಚಾಯತಿಗೆ ಕಳಿಸಿ. ಅದರಿಂದಲೂ ಆಗದಿದ್ದರೆ, ಹಣದ ದುರುಪಯೋಗ ಕಾಣುತ್ತಿದ್ದರೆ, ಸ್ಥಳೀಯಾಡಳಿತ ಸಂಸ್ಥೆಗಳ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆಗ ನಿಮ್ಮ ಪ್ರಶ್ನೆಯ ಪ್ರತಿ, ಮಿನಿಟ್ಸಿನ ನಕಲು, ಫೋಟೋಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಜತೆಗೆ ಇಡಿ.